ಅಕ್ವೇರಿಯಂ ಮೀನಿನ ಫೋಟೋಗೆ ಯಾವ ಲೆನ್ಸ್? ಪದೇ ಪದೇ ಕೇಳುವ ಪ್ರಶ್ನೆಗಳು

ಮೀನು ಸಾಕೋರು ಕ್ಯಾಮೆರಾ ಕೈಗೆ ತಗೊಂಡ್ರೆ ಮೊದ್ಲು ಕೇಳೋದೇ ಲೆನ್ಸ್ ಬಗ್ಗೆ. ಸಿಕ್ಕಾಗ ಕೇಳಿದ್ದು, ಮೆಸೇಜ್ ಹಾಕಿ ಕೇಳಿದ್ದು, ಫೋಟೋ ಕೆಳಗೆ ಬರೆದು ಕೇಳಿದ್ದು ಎಲ್ಲಾ ಒಟ್ಟು ಮಾಡಿ ಕೇಳಿದವರ ಮಾತಲ್ಲೇ ಇಲ್ಲಿ ಹಾಕಿದೀನಿ. ಹೊಸಬರು ಮೇಲಿಂದ ಓದ್ಕೊಂಡು ಬನ್ನಿ, ಈಗಾಗ್ಲೇ ಮ್ಯಾಕ್ರೋ (ತೀರಾ ಹತ್ರದಿಂದ ಸಣ್ಣದನ್ನ ದೊಡ್ಡದಾಗಿ ತೆಗೆಯೋ ಲೆನ್ಸ್) ಇರೋರು ಸೀದಾ ಗಾಜು-ಬೆಳಕಿನ ಭಾಗಕ್ಕೆ ಹೋಗ್ಬಹುದು, ನಿಮ್ಮ ಮುಕ್ಕಾಲು ಪಾಲು ತೊಂದರೆ ಅಲ್ಲೇ ಇರತ್ತೆ.

## ಶುರು ಮಾಡೋರಿಗೆ

ಸರ್ ನನ್ನತ್ರ ಕ್ಯಾಮೆರಾ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್ ಮಾತ್ರ ಇದೆ, ಇದ್ರಲ್ಲಿ ಮೀನು ಫೋಟೋ ಬರಲ್ವಾ? ಮ್ಯಾಕ್ರೋ ತಗೊಳ್ಳೇಬೇಕಾ?

ಬರತ್ತೆ. ಚೆನ್ನಾಗೇ ಬರತ್ತೆ. ಕ್ಯಾನನ್, ನಿಕಾನ್ ಎರಡರ 18-55 ಕೂಡ 55ಕ್ಕೆ ತಿರುಗಿಸಿ ಪೂರ್ತಿ ಹತ್ರ ಹೋದ್ರೆ ಸುಮಾರು 0.35 ಪಟ್ಟು ಸೈಜ್ (ಸೆನ್ಸರ್ ಮೇಲೆ ಬೀಳೋ ಚಿತ್ರ ನಿಜವಾದ ಮೀನಿನ 0.35ರಷ್ಟು) ಕೊಡತ್ತೆ, ಅಂದ್ರೆ ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರ್) ಕ್ಯಾಮೆರಾದಲ್ಲಿ ಆರು ಸೆಂಟಿಮೀಟರ್ ಚಿಲ್ಲರೆ ಅಗಲದ ಜಾಗ ಪೂರ್ತಿ ಫ್ರೇಮ್ ತುಂಬತ್ತೆ, ಒಂದು ಫೈಟರ್ ಮೀನಿಗೆ ಅಷ್ಟು ಸಾಕು. ಸೋನಿಯ 16-50 ಇದ್ರೆ ಮಾತ್ರ ಸ್ವಲ್ಪ ಬೇಜಾರು, ಅದು 0.21ರ ಆಸುಪಾಸಲ್ಲೇ ನಿಂತ್ಬಿಡತ್ತೆ.

ಈ ಲೆನ್ಸಲ್ಲಿ ಫೋಟೋ ಚೆನ್ನಾಗಿ ಬರ್ತಿಲ್ಲ ಅಂತ ನಂಗೆ ಕಳಿಸೋ ಫೋಟೋಗಳಲ್ಲಿ ಲೆನ್ಸ್ ತಪ್ಪು ಇರೋದು ತೀರಾ ಕಮ್ಮಿ. ಗಾಜು ಕೊಳೆ, ಕ್ಯಾಮೆರಾ ಓರೆ, ಬೆಳಕು ಸಾಲದೆ ಶಟರ್ 1/30 ಸೆಕೆಂಡಿಗೆ ಇಳಿದಿರತ್ತೆ, ಇಷ್ಟೇ. ಮೂವತ್ತು ನಲವತ್ತು ಸಾವಿರ ಕೊಟ್ಟು ಮ್ಯಾಕ್ರೋ ತಂದ್ರೂ ಅದೇ ಗಾಜು, ಅದೇ ಟ್ಯೂಬ್‌ಲೈಟು, ಅದೇ ಫೋಟೋ. ಕೈಲಿ ಸ್ವಲ್ಪ ದುಡ್ಡಿದ್ರೆ ಮೊದ್ಲು ಒಂದು ಮ್ಯಾನ್ಯುವಲ್ ಫ್ಲ್ಯಾಶು, ಒಂದು ಟ್ರಿಗರ್ (ಫ್ಲ್ಯಾಶನ್ನ ದೂರದಿಂದ ಹೊಡೆಸೋ ಸಾಧನ) ತಗೊಳ್ಳಿ, ಲೆನ್ಸ್ ಆಮೇಲೆ ನೋಡೋಣ.

ಯಾವ ಮೀನಿಗೆ ಎಷ್ಟು ಪವರ್ ಲೆನ್ಸ್ ಬೇಕು ಅಂತ ಹೆಂಗೆ ಲೆಕ್ಕ ಹಾಕೋದು?

ಸ್ಕೇಲ್ ತಗೊಂಡು ಮೀನಿನ ಉದ್ದ ಅಳೀರಿ, ಗಾಜಿನ ಹೊರಗಡೆಯಿಂದ ಅಂದಾಜಲ್ಲಿ ಸಾಕು. ಫ್ರೇಮಿನ ಅಗಲದಲ್ಲಿ ಮೂರರಲ್ಲಿ ಎರಡು ಭಾಗ ಮೀನೇ ಇರ್ಲಿ ಅಂತಿಟ್ಕೊಳ್ಳಿ. ಕ್ರಾಪ್ ಸೆನ್ಸರ್ ಅಗಲ ಸುಮಾರು 23 ಎಂಎಂ, ಅದ್ರಲ್ಲಿ ಮೂರರಲ್ಲಿ ಎರಡು ಅಂದ್ರೆ 15 ಎಂಎಂ. ಈ 15ನ್ನ ಮೀನಿನ ಉದ್ದದಿಂದ ಭಾಗಿಸಿ, ಬಂದಿದ್ದೇ ನಿಮಗೆ ಬೇಕಾದ ಮ್ಯಾಗ್ನಿಫಿಕೇಶನ್.

ನಿಯಾನ್ ಟೆಟ್ರಾ 30 ಎಂಎಂ, ಅಂದ್ರೆ 0.5. ಫೈಟರ್ 60 ಎಂಎಂ, 0.25. ಏಂಜೆಲ್ 100 ಎಂಎಂ ಅಂದ್ರೆ 0.15. ಡಿಸ್ಕಸ್ 150 ಎಂಎಂ, ಅದಕ್ಕೆ ಬರೀ 0.1. ಆಸ್ಕರ್, ಫ್ಲವರ್‌ಹಾರ್ನ್ ಎಲ್ಲಾ ಇನ್ನೂ ಕಮ್ಮಿ. ಫುಲ್ ಫ್ರೇಮ್ ಆದ್ರೆ 15ರ ಬದಲು 24 ಹಾಕಿ.

ಲೆನ್ಸ್ ಕಂಪನಿಯವರ ಪುಟದಲ್ಲಿ ಮ್ಯಾಕ್ಸಿಮಮ್ ಮ್ಯಾಗ್ನಿಫಿಕೇಶನ್ ಅಂತ ಒಂದು ಸಾಲು ಇರತ್ತೆ, ಯಾರೂ ನೋಡಲ್ಲ ಅದನ್ನ, ಎಲ್ಲರೂ ಎಫ್ ನಂಬರ್ (ಲೆನ್ಸಿನ ಕಿಂಡಿ ಎಷ್ಟು ತೆರೆಯತ್ತೆ ಅನ್ನೋ ಸಂಖ್ಯೆ, ಕಮ್ಮಿ ಇದ್ದಷ್ಟೂ ಕಿಂಡಿ ದೊಡ್ಡದು) ನೋಡ್ತಾರೆ. ಮೀನಿನ ವಿಷ್ಯದಲ್ಲಿ ಆ ಸಾಲೇ ಮುಖ್ಯ. ಡಿಸ್ಕಸ್ ಸಾಕೋರು 1:1 (ಅಂದ್ರೆ 1 ಪಟ್ಟು, ಪೂರ್ತಿ ಸೈಜು) ಮ್ಯಾಕ್ರೋಗೆ ದುಡ್ಡು ಹಾಕೋದು ಕಣ್ಣಿನ ಕ್ಲೋಸಪ್ಪೋ ಚಿಪ್ಪಿನ ವಿವರವೋ ಬೇಕಿದ್ರೆ ಸರಿ, ಇಲ್ಲಾಂದ್ರೆ ಆ ಲೆನ್ಸಿನ ಹತ್ತರಲ್ಲಿ ಒಂದು ಭಾಗ ಮಾತ್ರ ಬಳಸ್ತಿರ್ತೀರ.

ಲೆನ್ಸ್ ಮೇಲೆ 0.25 ಮೀಟರ್ ಅಂತ ಬರ್ದಿದೆ, ಅಂದ್ರೆ ಗಾಜಿಂದ 25 ಸೆಂಟಿಮೀಟರ್ ಹಿಂದೆ ನಿಲ್ಬೇಕಾ?

ಇಲ್ಲ. ಆ ದೂರ ಅಳೆಯೋದು ಸೆನ್ಸರಿಂದ. ನಿಮ್ಮ ಕ್ಯಾಮೆರಾ ಮೇಲೆ ಒಂದು ಸೊನ್ನೆ, ಅದ್ರ ಮಧ್ಯೆ ಗೆರೆ ಎಳೆದಿರೋ ಗುರುತು ಇರತ್ತೆ ನೋಡಿ, ಅಲ್ಲಿಂದ. ಬಾಡಿ ಮತ್ತೆ ಲೆನ್ಸ್ ಉದ್ದ ಕಳೆದ್ರೆ ಲೆನ್ಸ್ ತುದಿಯಿಂದ ಮೀನಿಗೆ ಸುಮಾರು ಅರ್ಧ ಗೇಣು ಉಳಿಯತ್ತೆ. ಲೆನ್ಸ್ ಗಾಜಿಗೆ ತಾಗೋ ಹಂಗೆ ಹಿಡಿದ್ರೂ ಪರ್ವಾಗಿಲ್ಲ, ಇನ್ನೂ ಒಳ್ಳೇದೇ, ಮೀನು ಗಾಜಿಂದ ಕನಿಷ್ಠ ಆ ಅರ್ಧ ಗೇಣು ಹಿಂದೆ ಇರ್ಬೇಕು ಅಷ್ಟೆ.

ಎಲ್ಲರೂ 50 ಎಂಎಂ 1.8 ತಗೋ ಅಂತಾರೆ, ರೇಟೂ ಕಮ್ಮಿ, ಅದು ಆಗತ್ತಾ?

ಮನುಷ್ಯರ ಫೋಟೋಗೆ ಬಂಗಾರದಂಥ ಲೆನ್ಸ್. ಮೀನಿಗೆ ಅರ್ಧಂಬರ್ಧ. ಕ್ಯಾನನ್ 50 ಎಸ್‌ಟಿಎಂ 35 ಸೆಂಟಿಮೀಟರ್ ಹತ್ರ ಹೋಗಿ 0.21 ಪಟ್ಟಿಗೆ ನಿಲ್ಲತ್ತೆ, ಅಂದ್ರೆ ನಿಮ್ಮ 18-55ಗಿಂತ ಕಮ್ಮಿ. ಎಫ್ 1.8 ಇದೆ ಬೆಳಕು ಜಾಸ್ತಿ ಅಂತ ಖುಷಿ ಪಡ್ತೀರ, ಆದ್ರೆ ಅಷ್ಟು ಹತ್ರದಲ್ಲಿ ಎಫ್ 1.8 ಇಟ್ರೆ ಕಣ್ಣು ಶಾರ್ಪ್ ಬಂದ್ರೆ ಕಿವಿರು ಹೋಗಿರತ್ತೆ, ಕಿವಿರು ಬಂದ್ರೆ ಕಣ್ಣು ಹೋಗಿರತ್ತೆ. ಗೋಲ್ಡ್‌ಫಿಶ್, ಏಂಜೆಲ್ ಥರ ದೊಡ್ಡ ಮೀನು, ಫ್ಲ್ಯಾಶ್ ಇಲ್ದೆ ಟ್ಯಾಂಕಿನ ಲೈಟಲ್ಲೇ ತೆಗೀತೀನಿ ಅನ್ನೋರಿಗೆ ಎಫ್ 2.8, ಎಫ್ 4ರಲ್ಲಿ ಚೆನ್ನಾಗಿ ಕೆಲ್ಸ ಮಾಡತ್ತೆ. ಗಪ್ಪಿ, ಟೆಟ್ರಾ ಇಟ್ಕೊಂಡಿರೋರಿಗೆ ಹೇಳಲ್ಲ.

ಮೊಬೈಲಲ್ಲೇ ತೆಗೀತೀನಿ, ಕ್ಲಿಪ್ ಲೆನ್ಸ್ ಹಾಕ್ಲಾ?

ಬೇಡ, ಕ್ಲಿಪ್ ಲೆನ್ಸಲ್ಲಿ ಅಂಚೆಲ್ಲಾ ಕರಗಿ ಹೋಗತ್ತೆ. ಫೋನಲ್ಲಿ 2 ಪಟ್ಟು ಅಥವಾ 3 ಪಟ್ಟು ಇದ್ರೆ ಅದ್ರಲ್ಲಿ ಸ್ವಲ್ಪ ಹಿಂದೆ ನಿಂತು ತೆಗೀರಿ, ಮ್ಯಾಕ್ರೋ ಮೋಡ್ ಆಫ್ ಮಾಡಿ, ಅದು ಆನ್ ಇದ್ರೆ ಫೋನು ತಾನಾಗೇ ಅಲ್ಟ್ರಾವೈಡ್‌ಗೆ ಹೋಗಿ ಗಾಜಿನ ಮೇಲಿನ ಗೀರಿಗೆ ಫೋಕಸ್ ಮಾಡ್ಕೊಂಡು ಕೂರತ್ತೆ. ಬೆರಳಲ್ಲಿ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಮೀನು ಆ ದೂರಕ್ಕೆ ಬರೋವರ್ಗೂ ಕಾಯಿರಿ.

## ಮ್ಯಾಕ್ರೋ ತಗೊಳ್ಳೋಣ ಅಂತ ಇರೋರಿಗೆ

60 ತಗೊಳ್ಳಾ 100 ತಗೊಳ್ಳಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ ತಲೆ ಕೆಟ್ಟೋಗಿದೆ

ಒಬ್ಬೊಬ್ರು ಒಂದೊಂದು ಹೇಳೋದು ಯಾಕಂದ್ರೆ ಒಬ್ಬೊಬ್ರ ಟ್ಯಾಂಕ್ ಒಂದೊಂದು ಸೈಜು. ನಿಮ್ಮ ಟ್ಯಾಂಕ್ ಮುಂದಿಂದ ಹಿಂದಕ್ಕೆ ಎಷ್ಟು ಆಳ ಇದೆ, ಟ್ಯಾಂಕ್ ಮುಂದೆ ನೀವು ಕೂರೋಕೆ ಎಷ್ಟು ಜಾಗ ಇದೆ, ಈ ಎರಡು ಹೇಳಿದ್ರೆ ಉತ್ತರ ಬಂದ್ಬಿಡತ್ತೆ.

ಕ್ಯಾನನ್ನಿನ 60 ಎಂಎಂ ಎಫ್ 2.8 ಮ್ಯಾಕ್ರೋ 1:1ಕ್ಕೆ ಹೋದಾಗ ಲೆನ್ಸ್ ತುದಿಯಿಂದ ಸುಮಾರು 9 ಸೆಂಟಿಮೀಟರ್ ಜಾಗ ಬಿಡತ್ತೆ. 100 ಎಂಎಂ ಸುಮಾರು 13-14 ಸೆಂಟಿಮೀಟರ್ ಬಿಡತ್ತೆ. ಇದು ಗಾಳಿಯಲ್ಲಿ. ನೀರೊಳಗೆ ಇರೋದು ಇರೋದಕ್ಕಿಂತ ಹತ್ರ ಕಾಣತ್ತೆ, ನಾಲ್ಕರಲ್ಲಿ ಮೂರು ಭಾಗ ದೂರದಲ್ಲಿ ಇದ್ದ ಹಂಗೆ, ಅದ್ರಿಂದ ಲೆನ್ಸ್ ಗಾಜಿಗೆ ತಾಗಿಸಿದ್ರೆ 60ರಲ್ಲಿ 12 ಸೆಂಟಿಮೀಟರ್ ಒಳಗಿನ ಮೀನೂ, 100ರಲ್ಲಿ 18 ಸೆಂಟಿಮೀಟರ್ ಒಳಗಿನ ಮೀನೂ ಪೂರ್ತಿ ಸೈಜಲ್ಲಿ ಸಿಗತ್ತೆ. ಸಾಮಾನ್ಯ ಎರಡು ಅಡಿ ಟ್ಯಾಂಕ್ ಒಂದು ಅಡಿ ಆಳ ಇರತ್ತಲ್ಲ, ಅದ್ರಲ್ಲಿ 100 ಇದ್ರೆ ಮಧ್ಯ ದಾಟಿನೂ ಕೈ ಚಾಚ್ಬಹುದು. ಸಣ್ಣ ನ್ಯಾನೋ ಟ್ಯಾಂಕ್, ಅಥವಾ ಮುಂದೆ ಸೋಫಾ ಇದೆ ಹಿಂದೆ ಸರಿಯೋಕೆ ಜಾಗ ಇಲ್ಲ ಅನ್ನೋರಿಗೆ 60 ವಾಸಿ, ಯಾಕಂದ್ರೆ 100ರಲ್ಲಿ ಏಂಜೆಲ್ ಪೂರ್ತಿ ಫ್ರೇಮಲ್ಲಿ ಹಿಡಿಸ್ಬೇಕು ಅಂದ್ರೆ ಹಿಂದೆ ಹೋಗ್ಲೇಬೇಕು, ಹಿಂದೆ ಹೋದಷ್ಟೂ ಗಾಜಿನ ಮೇಲೆ ನಿಮ್ಮ ಮುಖಾನೇ ಕಾಣತ್ತೆ.

ಸಿಗಡಿ, ಕೋರಿಡೋರಾಸ್ ಥರ ಒಂದೇ ಕಡೆ ಕೂರೋವು, ನಾಚಿಕೆ ಸ್ವಭಾವದ ಎಪಿಸ್ಟೊಗ್ರಾಮಾ ಇವಕ್ಕೆಲ್ಲ 100 ಕಡೆಗೆ ನನ್ನ ಓಟು. ಹತ್ರ ಹೋದ್ರೆ ಅವು ಗಿಡದ ಹಿಂದೆ ಹೋಗಿಬಿಡತ್ವೆ. ಫೈಟರ್‌ಗೆ ಯಾವುದಾದ್ರೂ ಸರಿ, ಅದು ಲೆನ್ಸ್ ನೋಡಿದ್ರೆ ಹೆದರೋ ಬದಲು ಜಗಳಕ್ಕೆ ಬರತ್ತೆ.

ನಿಕಾನ್ 40 ಎಂಎಂ ಡಿಎಕ್ಸ್ ಮೈಕ್ರೋ (ಮ್ಯಾಕ್ರೋಗೆ ನಿಕಾನ್ ಇಟ್ಟಿರೋ ಹೆಸರು) ರೇಟ್ ಕಮ್ಮಿ ಅಂತ ತುಂಬಾ ಜನ ಕೇಳ್ತಾರೆ. ಒಳ್ಳೇ ಲೆನ್ಸೇ, ಆದ್ರೆ 1:1ಕ್ಕೆ ಹೋಗ್ಬೇಕಾದ್ರೆ ತುದಿಯಿಂದ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ ಉಳಿಯತ್ತೆ, ಮೀನು ಗಾಜಿಗೆ ಅಂಟ್ಕೊಂಡಿದ್ರೆ ಮಾತ್ರ ಸಿಗತ್ತೆ. ಸೋನಿ 30 ಎಂಎಂ ಮ್ಯಾಕ್ರೋದ್ದೂ ಇದೇ ಕಥೆ. ಗಾಜಿಗೆ ಅಂಟ್ಕೊಂಡಿರೋ ಪ್ಲೆಕೋ ತೆಗೆಯೋದಿದ್ರೆ ಪರ್ಫೆಕ್ಟ್.

ನಿಕಾನ್ ಡಿ3500 ಇದೆ, ಹಳೇ 60 ಮೈಕ್ರೋ ಸೆಕೆಂಡ್ ಹ್ಯಾಂಡ್ ಕಡಿಮೆಗೆ ಸಿಗ್ತಿದೆ, ತಗೊಂಡ್‌ಬಿಡ್ಲಾ?

ಹೆಸರು ಪೂರ್ತಿ ಓದಿ ಮೊದ್ಲು. ಎಎಫ್-ಎಸ್ ಅಂತಿದ್ರೆ ತಗೊಳ್ಳಿ. ಬರೀ ಎಎಫ್, ಕೊನೇಲಿ ಡಿ ಅಂತಿದ್ರೆ ಆ ಲೆನ್ಸಲ್ಲಿ ಮೋಟರ್ ಇಲ್ಲ, ಅದಕ್ಕೆ ಬಾಡೀಲಿ ಮೋಟರ್ ಬೇಕು, ಡಿ3000 ಸೀರೀಸು ಡಿ5000 ಸೀರೀಸು ಎರಡ್ರಲ್ಲೂ ಅದಿಲ್ಲ, ಡಿ7000 ಸೀರೀಸಲ್ಲಿ ಇದೆ. ಟೋಕಿನಾದ ಹಳೇ 100 ಎಂಎಂ ಮ್ಯಾಕ್ರೋ ನಿಕಾನ್ ಮೌಂಟಲ್ಲೂ ಹಂಗೇ. ಕೈಯಲ್ಲೇ ಫೋಕಸ್ ಮಾಡ್ತೀನಿ ಅಂದ್ರೆ ಎರಡೂ ಚಿನ್ನದಂಥವೇ.

ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಫಂಗಸ್ ನೋಡ್ದೆ ದುಡ್ಡು ಕೊಡ್ಬೇಡಿ. ಲೆನ್ಸ್ ಹಿಂದಿನ ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿಂದ ಓರೆಯಾಗಿ ನೋಡಿ, ಜೇಡರಬಲೆ ಥರ ಸಣ್ಣ ಎಳೆಗಳು ಅಂಚಿಂದ ಒಳಗೆ ಹರಡಿದ್ರೆ ಅದೇ ಫಂಗಸ್. ಧೂಳಿನ ಚುಕ್ಕೆ ಒಂದೆರಡು ಇದ್ರೆ ತಲೆ ಕೆಡಿಸ್ಕೋಬೇಡಿ, ಫೋಟೋದಲ್ಲಿ ಕಾಣಲ್ಲ. ಕರಾವಳಿ, ಮಲೆನಾಡು ಕಡೆಯಿಂದ ಬರೋ ಲೆನ್ಸಲ್ಲಿ ಇನ್ನೂ ಹುಷಾರಾಗಿ ನೋಡಿ, ಅಲ್ಲಿ ಮಳೆಗಾಲದಲ್ಲಿ ಬೀರುವಲ್ಲಿಟ್ಟ ಚಪ್ಪಲಿಗೇ ಬೂಷ್ಟು ಬರತ್ತೆ. ಇನ್ನೊಂದು, ಮುಚ್ಚಳ ಇಲ್ಲದ ನಾಲ್ಕೈದು ಟ್ಯಾಂಕ್ ಇರೋ ರೂಮಲ್ಲೇ ಲೆನ್ಸ್ ಇಡೋ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಆ ರೂಮಲ್ಲಿ ವರ್ಷ ಪೂರ್ತಿ ಮಳೆಗಾಲವೇ. ಗಾಳಿ ಹೋಗದ ಡಬ್ಬಿ, ಅದ್ರೊಳಗೆ ಸಿಲಿಕಾ ಜೆಲ್, ಬೇರೆ ರೂಮಲ್ಲಿಡಿ.

ಐಎಸ್, ವಿಆರ್ ಇರೋದೇ ತಗೋಬೇಕಾ? ಎಂಟ್ಹತ್ತು ಸಾವಿರ ಜಾಸ್ತಿ ಇದೆ

ಅದು ನಿಮ್ಮ ಕೈ ನಡುಗೋದನ್ನ ತಡೆಯತ್ತೆ, ಮೀನು ಈಜೋದನ್ನ ತಡೆಯಲ್ಲ. ಫ್ಲ್ಯಾಶ್ ಬಳಸೋರಿಗೆ ಹೆಚ್ಚು ಕಮ್ಮಿ ದಂಡ. ಟ್ಯಾಂಕ್ ಲೈಟಲ್ಲೇ ಕೈಯಲ್ಲಿ ಹಿಡಿದು ತೆಗೆಯೋರಿಗೆ ವ್ಯೂಫೈಂಡರ್ ಅಲ್ಲಾಡ್ದೆ ನಿಲ್ಲತ್ತೆ, ಆ ಅನುಕೂಲ ಇದೆ.

ಮ್ಯಾಕ್ರೋಗೆ ದುಡ್ಡಿಲ್ಲ ಅಣ್ಣ, ಎಕ್ಸ್‌ಟೆನ್ಶನ್ ಟ್ಯೂಬ್ ಒಳ್ಳೇದಾ, ರೇನಾಕ್ಸ್ ಒಳ್ಳೇದಾ?

ಎರಡೂ ಕೆಲ್ಸ ಮಾಡತ್ತೆ, ಆದ್ರೆ ಬೇರೆ ಬೇರೆ ಲೆನ್ಸಿಗೆ.

ಟ್ಯೂಬ್ ಅಂದ್ರೆ ಬಾಡಿ ಮತ್ತೆ ಲೆನ್ಸ್ ಮಧ್ಯೆ ಹಾಕೋ ಖಾಲಿ ಬಳೆ, ಒಳಗೆ ಗಾಜು ಇಲ್ಲ. ಟ್ಯೂಬಿನ ಉದ್ದಾನ ಲೆನ್ಸಿನ ಫೋಕಲ್ ಲೆಂತಿಂದ ಭಾಗಿಸಿದ್ರೆ ಎಷ್ಟು ಜಾಸ್ತಿ ಆಗತ್ತೆ ಅಂತ ಸಿಗತ್ತೆ. 50 ಎಂಎಂಗೆ 12 ಎಂಎಂ ಟ್ಯೂಬ್ ಹಾಕಿದ್ರೆ 0.24 ಸೇರತ್ತೆ, ಅದ್ರದ್ದೇ 0.21 ಇದೆ, ಒಟ್ಟು 0.45, ನಿಯಾನ್ ಟೆಟ್ರಾಗೆ ಸಾಕಾಯ್ತು. ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಇರೋ ಟ್ಯೂಬೇ ತಗೊಳ್ಳಿ, ಇಲ್ಲಾಂದ್ರೆ ಅಪರ್ಚರ್ ಬದಲಾಯಿಸೋಕೇ ಆಗಲ್ಲ. ತೊಂದರೆ ಏನಪ್ಪಾ ಅಂದ್ರೆ ಟ್ಯೂಬ್ ಹಾಕಿದ್ಮೇಲೆ ಫೋಕಸ್ ಸಿಗೋ ಜಾಗ ಒಂದು ಸಣ್ಣ ಪಟ್ಟಿ ಮಾತ್ರ, ಮೀನು ಟ್ಯಾಂಕಿನ ಹಿಂದಕ್ಕೆ ಹೋದ್ರೆ ಸಿಗೋದೇ ಇಲ್ಲ. ಸುಮ್ನೆ ಕಾಯ್ಬೇಕು.

ರೇನಾಕ್ಸ್ ಥರದ ಕ್ಲೋಸಪ್ ಲೆನ್ಸ್ 55-250, 70-300 ಥರದ ಜೂಮ್ ಮುಂದೆ ಹಾಕೋಕೆ. ರೇನಾಕ್ಸಿನ ಡಿಸಿಆರ್-150 ಹಾಕಿದ್ರೆ ಜೂಮ್ ಎಷ್ಟೇ ಇರ್ಲಿ, ಲೆನ್ಸ್ ತುದಿಯಿಂದ ಸುಮಾರು 20 ಸೆಂಟಿಮೀಟರ್ ಆಸುಪಾಸಲ್ಲೇ ಮೀನು ಇರ್ಬೇಕು. ಡಿಸಿಆರ್-250 ಇನ್ನೂ ಪವರ್ ಜಾಸ್ತಿ, 12 ಸೆಂಟಿಮೀಟರ್‌ಗೆ ಬಂದ್ಬಿಡತ್ತೆ, ಅದನ್ನ ಓಡಾಡೋ ಮೀನಿಗೆ ಹಾಕಿ ಒದ್ದಾಡೋರನ್ನ ನೋಡಿದೀನಿ. ಮೀನಿಗೆ 150 ಸಾಕು. ಬಜಾರಲ್ಲಿ ಸಿಗೋ ಪ್ಲಸ್ 1, 2, 4, 10 ಅಂತ ಬರೋ ಅಗ್ಗದ ಫಿಲ್ಟರ್ ಸೆಟ್ ಕೇಳ್ಲೇಬೇಡಿ.

55-250 ಇದೆ, ದೂರದಿಂದ ಜೂಮ್ ಮಾಡಿ ತೆಗೆದ್ರೆ ಮೀನು ಹೆದರಲ್ಲ ಅಲ್ವಾ?

ಹೆದರಲ್ಲ. ಅರೋವಾನ, ಆಸ್ಕರ್, ದೊಡ್ಡ ಗೋಲ್ಡ್‌ಫಿಶ್‌ಗೆ ಈ ಲೆನ್ಸ್ ಅನ್ಯಾಯವಾಗಿ ಮೂಲೇಲಿ ಕೂತಿದೆ ಅಂತೀನಿ. ಕ್ಯಾನನ್ 55-250 ಎಸ್‌ಟಿಎಂ 85 ಸೆಂಟಿಮೀಟರ್‌ಗೆ ಫೋಕಸ್ ಆಗತ್ತೆ, 0.29 ಪಟ್ಟು ಕೊಡತ್ತೆ. ನಾಲ್ಕಡಿ ಟ್ಯಾಂಕಲ್ಲಿ ಮಿಸ್ ಕೇರಳ ಗುಂಪು ಇಟ್ಕೊಂಡಿದೀರ ಅಂತಿಟ್ಕೊಳ್ಳಿ, ಅದೇ ನಮ್ಮ ಪಶ್ಚಿಮಘಟ್ಟದ ಕೆಂಪು ಗೆರೆ ಕಪ್ಪು ಗೆರೆ ಮೀನು, ಕೇರಳದಲ್ಲೂ ದಕ್ಷಿಣ ಕರ್ನಾಟಕದಲ್ಲೂ ಹರಿಯೋ ಹೊಳೆಗಳದ್ದು. ಅದು ಒಂದು ಕ್ಷಣ ನಿಲ್ಲಲ್ಲ, ಈ ತುದಿಯಿಂದ ಆ ತುದಿಗೆ ಗುಂಪು ಗುಂಪಾಗಿ ಓಡ್ತಾನೇ ಇರತ್ತೆ. ಗಾಜಿಗೆ ಲೆನ್ಸ್ ಅಂಟಿಸ್ಕೊಂಡು ಅದನ್ನ ಹಿಡಿಯೋಕಾಗಲ್ಲ, ಒಂದು ಮೀಟರ್ ಹಿಂದೆ ಸ್ಟೂಲ್ ಹಾಕ್ಕೊಂಡು ಕೂತು 100-135ರಲ್ಲಿ ಇಟ್ರೆ ಗುಂಪು ತಿರುಗೋ ಜಾಗದಲ್ಲಿ ಎಲ್ಲವೂ ಒಟ್ಟಿಗೆ ಅಡ್ಡ ತಿರುಗ್ತವೆ, ಆಗ ಒತ್ತಿ. ರೂಮ್ ಮಾತ್ರ ಪೂರ್ತಿ ಕತ್ತಲೆ ಇರ್ಬೇಕು, ದೂರ ಇದೀರಲ್ಲ, ಎಲ್ಲಾ ಗಾಜಲ್ಲಿ ಬೀಳತ್ತೆ.

## ಗಾಜು, ನೀರು, ಬೆಳಕು

ಲೆನ್ಸ್ ಸೂಪರ್ ಆಗಿದೆ ಆದ್ರೂ ಫೋಟೋ ಮಸುಕು, ಅಂಚಲ್ಲಿ ನೇರಳೆ ಹಸಿರು ಬಣ್ಣ, ಲೆನ್ಸ್ ಕೆಟ್ಟಿದ್ಯಾ?

ಲೆನ್ಸ್ ಕೆಟ್ಟಿಲ್ಲ, ನೀವು ಓರೆ ನಿಂತಿದೀರ. ನೀರಿಂದ ಗಾಜು, ಗಾಜಿಂದ ಗಾಳಿ, ಎರಡು ಕಡೆ ಬೆಳಕು ಬಾಗತ್ತೆ. ನೇರ ಬಂದ್ರೆ ಬಾಗೋದಿಲ್ಲ, ಓರೆ ಬಂದಷ್ಟೂ ಜಾಸ್ತಿ ಬಾಗತ್ತೆ, ಒಂದೊಂದು ಬಣ್ಣ ಒಂದೊಂದು ಥರ ಬಾಗತ್ತೆ, ಅದಕ್ಕೇ ಆ ನೇರಳೆ ಅಂಚು. ಮೀನು ಗಾಜಿಂದ ಒಳಗೆ ಹೋದಷ್ಟೂ ಇದು ಜಾಸ್ತಿ, ಯಾಕಂದ್ರೆ ಮಧ್ಯೆ ನೀರು ಜಾಸ್ತಿ ಆಗತ್ತೆ. ಲೆನ್ಸ್ ಗಾಜಿಗೆ ಸರಿಯಾಗಿ ನೇರ ಇರ್ಬೇಕು, ಎಡಬಲಕ್ಕೂ ಮೇಲೆ ಕೆಳಗೂ. ಗಾಜಲ್ಲಿ ನಿಮ್ಮ ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟ ನಡುವೆ ಕಂಡ್ರೆ ನೇರ ಇದೀರ ಅಂತ, ಅದು ನೋಡ್ಕೊಂಡು ಆಮೇಲೆ ಲೈಟ್ ಆಫ್ ಮಾಡಿ.

ಮೇಲಿಂದ ಕೆಳಗೆ ನೋಡ್ತಾ ತೆಗೆಯೋದೇ ದೊಡ್ಡ ಚಾಳಿ. ಟ್ಯಾಂಕ್ ಸೊಂಟದ ಎತ್ತರ ಇರತ್ತೆ, ನಾವು ನಿಂತ್ಕೊಂಡೇ ಬಗ್ಗಿ ತೆಗೀತೀವಿ. ಕುರ್ಚಿ ಹಾಕ್ಕೊಂಡು ಮೀನಿನ ಕಣ್ಣಿನ ಮಟ್ಟಕ್ಕೆ ಲೆನ್ಸ್ ತನ್ನಿ. ದುಂಡು ಬೌಲಲ್ಲಿ ಇರೋ ಮೀನಿಗೆ ಯಾವ ಲೆನ್ಸೂ ಇಲ್ಲ, ಮೀನಿಗೂ ಆ ಬೌಲ್ ಒಳ್ಳೇದಲ್ಲ, ಬಿಡಿ.

ಬೋರ್‌ವೆಲ್ ನೀರಿನ ಬಿಳಿ ಕಲೆ ಗಾಜಿನ ಮೇಲೆ ಮಂಜು ಥರ ಕೂತಿರತ್ತೆ, ಕಣ್ಣಿಗೆ ಅಷ್ಟು ಕಾಣಲ್ಲ ಫ್ಲ್ಯಾಶ್ ಬಿದ್ರೆ ಎಲ್ಲಾ ಎದ್ದು ಕಾಣತ್ತೆ. ಹೊರಗಡೆ ವಿನೆಗರ್ ಹಾಕಿ ಒರೆಸಿ, ಒಳಗಿನ ಪಾಚಿಗೆ ಹಳೇ ಎಟಿಎಂ ಕಾರ್ಡ್ ಸಾಕು. ನೀರು ಬದಲಾಯಿಸಿದ ದಿನವೇ ತೆಗೀಬೇಡಿ, ಗಾಜಿನ ತುಂಬಾ ಸಣ್ಣ ಗುಳ್ಳೆ ಕೂತಿರತ್ತೆ, ಮಾರನೇ ದಿನ ತೆಗೀರಿ, ಊಟ ಹಾಕೋಕೆ ಮುಂಚೆ.

ಸಿಪಿಎಲ್ ಫಿಲ್ಟರ್ ಹಾಕಿದ್ರೆ ಗಾಜಿನ ರಿಫ್ಲೆಕ್ಷನ್ ಹೋಗತ್ತಂತೆ ನಿಜಾನಾ?

ಸಿಪಿಎಲ್ ಅಂದ್ರೆ ಲೆನ್ಸ್ ಮುಂದೆ ಹಾಕಿ ತಿರುಗಿಸೋ ಪೋಲರೈಸರ್ ಫಿಲ್ಟರ್. ಓರೆಯಿಂದ ಬರೋ ರಿಫ್ಲೆಕ್ಷನ್ ಹೋಗತ್ತೆ, ಗಾಜಿಗೆ ನೇರವಾಗಿರೋ ಗೆರೆಯಿಂದ 55 ಡಿಗ್ರಿ ಆಸುಪಾಸಲ್ಲಿ ಪೂರ್ತಿ ಹೋಗತ್ತೆ. ಆದ್ರೆ ಈಗಷ್ಟೇ ಹೇಳ್ದೆ ನೇರ ನಿಂತು ತೆಗೀರಿ ಅಂತ, ನೇರ ನಿಂತಾಗ ಸಿಪಿಎಲ್ ಏನೂ ಮಾಡಲ್ಲ, ಮೇಲಿಂದ ಒಂದೂವರೆ ಎರಡು ಸ್ಟಾಪ್ ಬೆಳಕು ತಿಂದುಹಾಕತ್ತೆ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ ಇಳಿದಂಗೆ). ಆ ದುಡ್ಡಿಗೆ ಒಂದು ರಬ್ಬರ್ ಹುಡ್ ಬರತ್ತೆ, ಅದನ್ನ ಗಾಜಿಗೆ ಒತ್ತಿ ಹಿಡಿದ್ರೆ ರಿಫ್ಲೆಕ್ಷನ್ ಅನ್ನೋದೇ ಇಲ್ಲ. ಹುಡ್ ತಾಗದಷ್ಟು ದೂರ ಇದ್ರೆ ಕಪ್ಪು ಬಟ್ಟೆಗೆ ತೂತು ಮಾಡಿ ಲೆನ್ಸ್ ತೂರಿಸಿ. ಬಿಳಿ ಬನಿಯನ್ ಹಾಕ್ಕೊಂಡು ಮೀನಿನ ಫೋಟೋ ತೆಗೀಬೇಡಿ.

ಎಫ್ 2.8 ಲೆನ್ಸ್ ತಗೋ ಅಂತೀರ, ಆಮೇಲೆ ಎಫ್ 11ರಲ್ಲಿ ತೆಗಿ ಅಂತೀರ, ಮತ್ಯಾಕೆ 2.8?

ನ್ಯಾಯವಾದ ಪ್ರಶ್ನೆ. 2.8 ಬೇಕಿರೋದು ಫೋಟೋಗಲ್ಲ, ಫೋಕಸ್ ಮಾಡೋಕೆ. ಒತ್ತೋವರ್ಗೂ ಲೆನ್ಸ್ ಪೂರ್ತಿ ತೆರೆದೇ ಇರೋದ್ರಿಂದ ಡಿಎಸ್‌ಎಲ್‌ಆರ್ ವ್ಯೂಫೈಂಡರ್ ಬೆಳ್ಳಗೆ ಕಾಣತ್ತೆ, ಆಟೋಫೋಕಸ್ ಕತ್ತಲಲ್ಲೂ ಹಿಡಿಯತ್ತೆ.

ಎಫ್ 11 ಯಾಕೆ ಅಂದ್ರೆ ಲೆಕ್ಕ ನೋಡಿ. ಕ್ರಾಪ್ ಸೆನ್ಸರಲ್ಲಿ ಎಫ್ 8 ಇಟ್ರೆ, 0.25 ಪಟ್ಟಲ್ಲಿ ಸುಮಾರು 6 ಎಂಎಂ ದಪ್ಪ ಶಾರ್ಪ್ ಬರತ್ತೆ. 0.5ಕ್ಕೆ ಹೋದ್ರೆ ಅದು 2 ಎಂಎಂ. 1:1ಕ್ಕೆ ಹೋದ್ರೆ ಅರ್ಧ ಎಂಎಂ ಚಿಲ್ಲರೆ. ಗಪ್ಪಿ ಸ್ವಲ್ಪ ಬಾಲ ತಿರುಗಿಸಿದ್ರೆ ಸಾಕು ಬಾಲ ಹೋಯ್ತು. ಅದಕ್ಕೆ ಎಫ್ 11, ಕೆಲವೊಮ್ಮೆ ಎಫ್ 13. ಅದಕ್ಕಿಂತ ಮೇಲೆ ಹೋದ್ರೆ ಡಿಫ್ರಾಕ್ಷನ್ನಿಂದ (ಸಣ್ಣ ಕಿಂಡೀಲಿ ಬೆಳಕು ಹರಡೋದ್ರಿಂದ) ಎಲ್ಲಾ ಮೆತ್ತಗಾಗತ್ತೆ, ಯಾಕಂದ್ರೆ 1:1 ಹತ್ರ ನೀವು ಇಟ್ಟ ಎಫ್ ನಂಬರ್ ಹೆಚ್ಚು ಕಮ್ಮಿ ಡಬಲ್ ಆಗಿ ಕೆಲ್ಸ ಮಾಡತ್ತೆ, ಎಫ್ 16 ಅಂದ್ರೆ ಎಫ್ 32 ಥರ. ನಿಕಾನ್ ಬಾಡಿಗಳು ಇದನ್ನ ನಿಜವಾಗ್ಲೂ ತೋರಿಸತ್ತೆ, ಹತ್ರ ಹೋದಂಗೆ ನಂಬರ್ ತಾನಾಗೇ ಏರತ್ತೆ, ಲೆನ್ಸ್ ಕೆಟ್ಟೋಯ್ತು ಅಂತ ಗಾಬರಿ ಆಗ್ಬೇಡಿ.

ಎಷ್ಟೇ ಎಫ್ 11 ಇಟ್ರೂ ಮೀನು ಗಾಜಿಗೆ ಸಮಾನವಾಗಿ ಅಡ್ಡ ನಿಂತಾಗ ಒತ್ತೋದೇ ಎಲ್ಲದಕ್ಕಿಂತ ದೊಡ್ಡ ಉಪಾಯ.

ಫ್ಲ್ಯಾಶ್ ಹೊಡೆದ್ರೆ ಮೀನು ಕುರುಡಾಗತ್ತೆ ಅಂತ ಅಂಗಡಿಯವ್ರು ಹೇಳಿದ್ರು

2019ರಲ್ಲಿ ಸಮುದ್ರಕುದುರೆ ಮತ್ತೆ ಅಂಥದ್ದೇ ತಳದ ಮೀನುಗಳ ಮೇಲೆ ಮಾಡಿದ ಒಂದು ಅಧ್ಯಯನ ಬಂದಿತ್ತು, ಫ್ಲ್ಯಾಶಿಂದ ಕಣ್ಣಿಗೆ ಹಾನಿ ಕಾಣಿಸ್ಲಿಲ್ಲ, ಮೀನನ್ನ ಮುಟ್ಟಿ ಸರಿಸಿದ್ದೇ ಅವಕ್ಕೆ ಹೆಚ್ಚು ತೊಂದರೆ ಕೊಟ್ಟಿತ್ತು. ಆದ್ರೆ ಮೀನಿಗೆ ರೆಪ್ಪೆ ಇಲ್ಲ, ಕತ್ತಲಲ್ಲಿದ್ದ ಮೀನಿಗೆ ದಿಢೀರ್ ಅಂತ ಫ್ಲ್ಯಾಶ್ ಬಿದ್ರೆ ಗಾಬರಿ ಬಿದ್ದು ಮುಚ್ಚಳಕ್ಕೆ ತಲೆ ಬಡ್ಕೊಳ್ಳೋದುಂಟು. ಟ್ಯಾಂಕ್ ಲೈಟ್ ಆನ್ ಇಟ್ಟೇ ತೆಗೀರಿ, ಅರೋವಾನಗೆ ಇನ್ನೂ ಜೋಪಾನ. ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಬೇಡ ಅಂದ್ರೆ ಬೇಡ ಅಷ್ಟೆ.

ಫ್ಲ್ಯಾಶ್ ಕ್ಯಾಮೆರಾ ಮೇಲೆ ಇಡೋ ಹಾಗಿಲ್ಲ, ಗಾಜಲ್ಲಿ ಬಿಳಿ ಚೆಂಡು ಬೀಳತ್ತೆ, ನೀರಲ್ಲಿರೋ ಕಸ ಎಲ್ಲಾ ನಕ್ಷತ್ರ ಥರ ಮಿಂಚತ್ತೆ. ಟ್ಯಾಂಕಿನ ಗಾಜಿನ ಮುಚ್ಚಳದ ಮೇಲೆ ಕೆಳಮುಖವಾಗಿ ಇಟ್ಟು ಟ್ರಿಗರಲ್ಲಿ ಹೊಡೀರಿ, ಮುಚ್ಚಳ ಇಲ್ದೆ ನೀರಿನ ಮೇಲೆ ಹಿಡೀಬೇಡಿ, ಒಳಗೆ ಬಿದ್ರೆ ಫ್ಲ್ಯಾಶೂ ಹೋಯ್ತು. ಶುರುಗೆ 1/160, ಎಫ್ 11, ಐಎಸ್ಒ 200, ಫ್ಲ್ಯಾಶ್ 1/8 ಪವರ್, ಅಲ್ಲಿಂದ ಹೆಚ್ಚು ಕಮ್ಮಿ ಮಾಡ್ಕೊಳ್ಳಿ. ಕಮ್ಮಿ ಪವರಲ್ಲಿ ಫ್ಲ್ಯಾಶ್ ಉರಿಯೋದು ಸೆಕೆಂಡಿನ ಸಾವಿರಾರು ಪಾಲಲ್ಲಿ ಒಂದು ಪಾಲು, ಶಟರ್ 1/160 ಇದ್ರೂ ಮೀನನ್ನ ನಿಲ್ಲಿಸೋದು ಅದೇ.

ಫೋಟೋದಲ್ಲಿ ಅಡ್ಡ ಅಡ್ಡ ಕಪ್ಪು ಪಟ್ಟೆ ಬರ್ತಿದೆ

ಎಲ್‌ಇಡಿ ಮಿಣುಕೋದು ಅದು, ಲೆನ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಸಸ್ತಾ ಲೈಟು ಸೆಕೆಂಡಿಗೆ 100 ಸಲ ಹತ್ತಿ ಆರತ್ತೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, 1/100 ಇಟ್ಟು ನೋಡಿ, ಲೈಟಿಗೆ ಡಿಮ್ಮರ್ ಇದ್ರೆ ಫುಲ್ ಇಡಿ.

## ಸ್ವಲ್ಪ ಮುಂದೆ ಹೋದವರಿಗೆ

ಮ್ಯಾಕ್ರೋ ತಗೊಂಡೆ, ಆಟೋಫೋಕಸ್ ಹಿಂದೆ ಮುಂದೆ ಹೋಗ್ತಾನೇ ಇರತ್ತೆ, ಅಷ್ಟ್ರಲ್ಲಿ ಮೀನು ಹೋಗಿರತ್ತೆ

ಲೆನ್ಸ್ ಪಕ್ಕದಲ್ಲಿ ಒಂದು ಸ್ವಿಚ್ ಇದೆ ನೋಡಿ, ಲಿಮಿಟರ್. ಕ್ಯಾನನ್ 100 ಎಂಎಂ ಎಲ್ ಮ್ಯಾಕ್ರೋದಲ್ಲಿ ಪೂರ್ತಿ, 0.3ರಿಂದ 0.5 ಮೀಟರ್, 0.5ರಿಂದ ಅನಂತ ಅಂತ ಮೂರು ಇದೆ. ಗಾಜಿನ ಹತ್ರ ತೆಗೆಯೋವಾಗ 0.3-0.5ಕ್ಕೆ ಹಾಕಿ, ಲೆನ್ಸ್ ಗೋಡೆವರೆಗೂ ಹುಡುಕ್ಕೊಂಡು ಹೋಗೋದು ನಿಲ್ಲತ್ತೆ. ಮ್ಯಾಕ್ರೋ ತಗೊಳ್ಳೋವಾಗಲೇ ಈ ಸ್ವಿಚ್ ಇದ್ಯಾ ಅಂತ ನೋಡಿ, ನನ್ನ ಪ್ರಕಾರ ಐಎಸ್‌ಗಿಂತ ಇದು ಮುಖ್ಯ.

ಮಿರರ್‌ಲೆಸ್‌ನ ಅನಿಮಲ್ ಐ (ಪ್ರಾಣಿಯ ಕಣ್ಣು ತಾನೇ ಹುಡುಕೋ ಫೋಕಸ್) ಮೇಲೆ ಭರವಸೆ ಇಡ್ಬೇಡಿ, ಅದನ್ನ ಕಲಿಸಿರೋದು ಹೆಚ್ಚಾಗಿ ನಾಯಿ, ಬೆಕ್ಕು, ಹಕ್ಕಿಗೆ. ಒಂದು ಪಾಯಿಂಟ್ ಇಟ್ಟು ಕಂಟಿನ್ಯೂಯಸ್ ಫೋಕಸ್. ಅರ್ಧ ಪಟ್ಟಿಗಿಂತ ಹತ್ರ ಹೋದ್ರೆ ಆಟೋ ಬಿಟ್ಟುಬಿಡಿ, ಸೈಜ್ ಫಿಕ್ಸ್ ಮಾಡ್ಕೊಂಡು ಮೈ ಮುಂದೆ ಹಿಂದೆ ವಾಲಿಸಿ, ಕಣ್ಣು ಚುರುಕ್ ಅಂದ ಕೂಡ್ಲೇ ಒತ್ತಿ.

ಈ ರೀತಿ ತೆಗೆಯೋದು ಅಭ್ಯಾಸ ಆದ್ರೆ ಹಳೇ ಮ್ಯಾನ್ಯುವಲ್ ಲೆನ್ಸ್ ಕೂಡ ನಡೆಯತ್ತೆ. ನಿಕಾನ್ನಿನ ಹಳೇ 55 ಎಂಎಂ ಎಫ್ 2.8 ಮೈಕ್ರೋ ತನ್ನಷ್ಟಕ್ಕೇ ಅರ್ಧ ಪಟ್ಟು ಹೋಗತ್ತೆ, ಅಡಾಪ್ಟರ್ ಹಾಕಿ ಮಿರರ್‌ಲೆಸ್‌ಗೆ ಹಾಕಿ ಪೀಕಿಂಗ್ (ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸೋದು) ಆನ್ ಮಾಡಿದ್ರೆ ಆಟೋಫೋಕಸ್ ನೆನಪೇ ಆಗಲ್ಲ. ಅದರದ್ದೊಂದು ಹಳೇ ಕಾಯಿಲೆ ಇದೆ, ಅಪರ್ಚರ್ ಬ್ಲೇಡಿಗೆ ಎಣ್ಣೆ ಇಳಿದು ಅಂಟ್ಕೊಳ್ಳತ್ತೆ, ತಗೊಳ್ಳೋವಾಗ ರಿಂಗ್ ತಿರುಗಿಸಿ ಬ್ಲೇಡ್ ಚಕ್ಕಂತ ಮುಚ್ಚತ್ತಾ ನೋಡಿ.

ಪೂರ್ತಿ ಪ್ಲಾಂಟೆಡ್ ಟ್ಯಾಂಕಿಂದು ಫೋಟೋ ಬೇಕು, ವೈಡ್ ಲೆನ್ಸ್ ತಾನೇ?

ಅಲ್ಲ, ಉಲ್ಟಾ. ವೈಡಲ್ಲಿ ಹತ್ರ ನಿಂತ್ರೆ ಮೂಲೆಗಳಿಗೆ ಬೆಳಕಿನ ಕಿರಣ ತೀರಾ ಓರೆ ಹೋಗತ್ತೆ, ಮೂಲೆಯ ಗಿಡ ಎಲ್ಲಾ ಎಳೆದ ಹಾಗೆ ಮಸುಕು, ಜೊತೆಗೆ ಟ್ಯಾಂಕಿನ ಪಕ್ಕದ ಗಾಜೂ ಒಳಗೆ ಕಾಣತ್ತೆ. ಹಿಂದೆ ಹೋಗಿ. ನಾಲ್ಕಡಿ ಟ್ಯಾಂಕಿಗೆ ಕ್ರಾಪಲ್ಲಿ 35 ಎಂಎಂ, ಫುಲ್ ಫ್ರೇಮಲ್ಲಿ 50 ಎಂಎಂ ಹಾಕಿದ್ರೆ ಎರಡು ಮೀಟರ್ ಹಿಂದೆ ನಿಂತ್ರೆ ಹಿಡಿಸತ್ತೆ, ಹಾಲಲ್ಲಿ ಇನ್ನೂ ಜಾಗ ಇದ್ರೆ ಇನ್ನೂ ಉದ್ದದ್ದೇ ಹಾಕಿ. ಟ್ರೈಪಾಡ್, ಎಫ್ 8, ಕ್ಯಾಮೆರಾ ಟ್ಯಾಂಕಿನ ಅರ್ಧ ಎತ್ತರಕ್ಕೆ. ಗಿಡದ ಟ್ಯಾಂಕನ್ನ ಒಂದು ಕಲೆ ಅಂತ ನಿಲ್ಲಿಸಿದ ಜಪಾನಿನ ತಕಾಶಿ ಅಮಾನೋ ಫೋಟೋಗ್ರಾಫರ್ ಕೂಡ ಹೌದು, ದೊಡ್ಡ ಶೀಟ್ ಫಿಲ್ಮ್ ಕ್ಯಾಮೆರಾಗಳಲ್ಲಿ ತೆಗೀತಿದ್ರು, ಆ ಫೋಟೋಗಳಲ್ಲಿ ಮೂಲೆ ನೋಡಿ, ಎಲೆ ಎಲೆ ಬೇರೆ ಕಾಣತ್ತೆ.

ಕೊಯ್ ಕೊಳ ಇದೆ, ಮೇಲಿಂದ ತೆಗೀಬೇಕು

ಇಲ್ಲಿ ಸಿಪಿಎಲ್ ಬೇಕೇ ಬೇಕು, ಹೊಳೆಯೋ ಆಕಾಶ ಅಳಿಸೋಕೆ. 55-250 ಅಥವಾ 70-200, ನೀರನ್ನ ಓರೆಯಾಗಿ ನೋಡೋ ಹಂಗೆ ನಿಂತು ಫಿಲ್ಟರ್ ತಿರುಗಿಸ್ತಾ ಹೋಗಿ, ಒಂದು ಹಂತದಲ್ಲಿ ನೀರೇ ಮಾಯ ಆಗತ್ತೆ. ಓರೆ ಆದ್ರೂ ಪರ್ವಾಗಿಲ್ವಾ ಅಂದ್ರೆ ಕೊಯ್ ಮೇಲೇ ಈಜತ್ತೆ, ಮಧ್ಯೆ ನೀರು ಕಮ್ಮಿ, ಅಷ್ಟು ತೊಂದರೆ ಆಗಲ್ಲ. ಪಂಪ್ ನಿಲ್ಲಿಸಿ ಅಲೆ ತಣ್ಣಗಾಗ್ಲಿ.

ಫೈಟರ್ ಬ್ರೀಡ್ ಮಾಡಿ ಮಾರ್ತೀನಿ, ದಿನಾ ಹತ್ತಾರು ಮೀನು ಫೋಟೋ ಬೇಕು, ಬೇಗ ಆಗೋ ಸೆಟಪ್ ಹೇಳಿ

ಫೋಟೋಗೇ ಅಂತ ಒಂದು ಸಣ್ಣ ಟ್ಯಾಂಕ್ ಮಾಡಿಸಿ. ಒಂದಡಿ ಉದ್ದ, ಎಂಟಿಂಚು ಎತ್ತರ, ನಾಲ್ಕಿಂಚು ಆಳ, ಮುಂದಿನ ಗಾಜು ಲೋ ಐರನ್ ಸಿಕ್ಕರೆ ಹಾಕ್ಸಿ, ಮಾಮೂಲಿ ಗಾಜಲ್ಲಿ ಕಬ್ಬಿಣದ ಅಂಶದಿಂದ ಸ್ವಲ್ಪ ಹಸಿರು ಛಾಯೆ ಇರತ್ತೆ, ಬಿಳಿ ಫೈಟರ್ ಬಿಳಿ ಬರಲ್ಲ. ಒಳಗೆ ಇನ್ನೊಂದು ಗಾಜಿನ ತುಂಡು ನಿಲ್ಲಿಸಿ ಮೀನನ್ನ ಮುಂದಿನ ಎರಡಿಂಚಲ್ಲೇ ಇರೋ ಹಂಗೆ ಮಾಡಿ. ಅದೇ ಮೀನಿನ ಟ್ಯಾಂಕಿನ ನೀರನ್ನೇ ಹಾಕಿ, ಬೇರೆ ನೀರು ಬೇಡ. ಹಿಂದೆ ಕಪ್ಪು ಅಥವಾ ಬಿಳಿ ಶೀಟು, ಮೇಲೆ ಫ್ಲ್ಯಾಶ್, ಟ್ರೈಪಾಡಲ್ಲಿ 60 ಮ್ಯಾಕ್ರೋ ಅಥವಾ ಆ 18-55ನೇ, ಫೋಕಸ್ ಒಂದ್ಸಲ ಕೈಯಲ್ಲಿ ಇಟ್ಟು ಮುಟ್ಟಬೇಡಿ. ಮೀನು ಇರೋದೇ ಎರಡಿಂಚಲ್ಲಿ, ಆಟೋಫೋಕಸ್ ಬೇಕಾಗೇ ಇಲ್ಲ. ರೆಕ್ಕೆ ಬಿಚ್ಚೋಕೆ ಕನ್ನಡಿ ತೋರಿಸ್ತಾರೆ, ಒಂದೆರಡು ನಿಮಿಷ ತೋರಿಸಿ ತೆಗೆದುಬಿಡಿ, ಸುಸ್ತಾದ ಮೀನಿನ ಬಣ್ಣ ಇಳಿಯತ್ತೆ.

ಗಿರಾಕಿಗೆ ತೋರಿಸೋ ಫೋಟೋ ಅಂದ್ಮೇಲೆ ಸ್ಯಾಚುರೇಶನ್ ಏರಿಸ್ಬೇಡಿ. ಒಂದು ಬಿಳಿ ಪ್ಲಾಸ್ಟಿಕ್ ತುಂಡು ನೀರಲ್ಲಿ ಮುಳುಗಿಸಿ ಅದೇ ಬೆಳಕಲ್ಲಿ ಒಂದು ಫೋಟೋ ತಗೊಂಡು ಅದ್ರಿಂದ ವೈಟ್ ಬ್ಯಾಲೆನ್ಸ್ ಸೆಟ್ ಮಾಡಿ, ಅವತ್ತಿನ ಎಲ್ಲಾ ಫೋಟೋಗೂ ಅದೇ ಸಾಕು.

ಗೂಡಲ್ಲಿರೋ ಫೈಟರ್ ಮೊಟ್ಟೆ, ಈಗ ತಾನೇ ಹುಟ್ಟಿದ ಮರಿ ತೆಗೆಯೋಕೆ 1:1 ಸಾಲ್ತಿಲ್ಲ, ಮುಂದೇನು?

ಮೊಟ್ಟೆ ಸುಮಾರು ಒಂದು ಎಂಎಂ, 1:1ರಲ್ಲಿ 23 ಎಂಎಂ ಸೆನ್ಸರ್ ಮೇಲೆ ಒಂದು ಚುಕ್ಕೆ, ನೀವು ಹೇಳೋದು ಸರಿ. ಲಾವಾ (Laowa) ಕಂಪನಿಯ 100 ಎಂಎಂ ಮ್ಯಾಕ್ರೋ 2 ಪಟ್ಟು ಹೋಗತ್ತೆ, ಕ್ಯಾನನ್ ಆರ್‌ಎಫ್ 100 ಮ್ಯಾಕ್ರೋ 1.4 ಪಟ್ಟು. ಈಗ ಇರೋ 100 ಮ್ಯಾಕ್ರೋ ಮುಂದೇನೇ ಡಿಸಿಆರ್-250 ಹಾಕಿದ್ರೂ 2 ಪಟ್ಟಿನ ಹತ್ರ ಹೋಗತ್ತೆ, ಮೊದ್ಲು ಅದನ್ನ ನೋಡಿ, ಹೊಸ ಲೆನ್ಸಿಗಿಂತ ಎಷ್ಟೋ ಕಮ್ಮಿ ಖರ್ಚು. ಗೂಡು ಗಾಜಿಗೆ ತಾಗಿ ಕಟ್ಟೋ ಹಂಗೆ ಟ್ಯಾಂಕಿನ ಮೂಲೇಲಿ ಒಂದು ಬಾದಾಮಿ ಎಲೆ ತೇಲಿಸಿ, ಗಂಡು ಸಾಮಾನ್ಯವಾಗಿ ಅದ್ರ ಕೆಳಗೇ ಗುಳ್ಳೆ ಕಟ್ಟತ್ತೆ. ನೀರಿನ ಮಟ್ಟಕ್ಕಿಂತ ಒಂದು ಕೂದಲು ಕೆಳಗೆ ಲೆನ್ಸ್ ಇಟ್ಟು, ಫ್ಲ್ಯಾಶ್ ಹಿಂದಿಂದ ಹೊಡೆದ್ರೆ ಮೊಟ್ಟೆ ಒಳಗಿನ ಮರಿಯ ಕಪ್ಪು ಕಣ್ಣೂ ಕಾಣತ್ತೆ, ಆದ್ರೆ ಅದು ಕಾಣೋದು ಮೊಟ್ಟೆ ಇಟ್ಟ ಮಾರನೇ ದಿನದ ಹೊತ್ತಿಗೆ, ಅದೇ ದಿನ ಅಲ್ಲ. ಗಂಡು ಗೂಡು ಬಿಟ್ಟು ಲೆನ್ಸ್ ಕಡೆಗೇ ಬರ್ತಾ ಇದ್ರೆ ಒಂದು ಅರ್ಧ ಗಂಟೆ ಬಿಟ್ಟು ಬನ್ನಿ, ಇಲ್ಲಾಂದ್ರೆ ಸಿಟ್ಟಲ್ಲಿ ಮೊಟ್ಟೆ ತಿಂದ್‌ಹಾಕತ್ತೆ.